ಸಿಡಿಕೆ12–ಸೈಕ್ಲಿನ್ ಕೆ ಬೆಂಚಿಗೆ ಬಂದಾಗ: ಆರ್ಡರ್‌ನಿಂದ ನಂಬಬಹುದಾದ ಮೊದಲ ಅಂಕಿಯವರೆಗೆ

ರೀಕಾಂಬಿನೆಂಟ್ ಕೈನೇಸ್ (ಬೇರೆ ಕೋಶದಲ್ಲಿ ತಯಾರಿಸಿದ, ಪ್ರೋಟೀನುಗಳ ಮೇಲೆ ಫಾಸ್ಫೇಟ್ ಕೂರಿಸುವ ಕಿಣ್ವ) ತರಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಆ ಟ್ಯೂಬಿನಲ್ಲಿರುವ ಪ್ರೋಟೀನಿನ ತುಂಡು ನನ್ನ ಪ್ರಶ್ನೆಗೆ ಉತ್ತರ ಕೊಡಬಲ್ಲದೇ? ಮಾನವ ಸಿಡಿಕೆ12 ಎಂಬ ಕೈನೇಸಿನ ವಿಷಯದಲ್ಲಂತೂ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಜೀನ್‌ಗಳ ಪ್ರತಿಲೇಖನ (ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವುದು) ಮತ್ತು ಆರ್‌ಎನ್‌ಎ ಸ್ಪ್ಲೈಸಿಂಗ್ (ಆ ನಕಲಿನ ಬೇಡದ ತುಂಡುಗಳನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವುದು) ಎರಡರ ಚರ್ಚೆಯಲ್ಲೂ ಇದರ ಹೆಸರು ಬರುತ್ತದೆ. ಹಾಗಾಗಿ ಎರಡೂ ಕೆಲಸಕ್ಕೆ ಒಂದೇ ಟ್ಯೂಬ್ ಸಾಕೆಂದು ಭಾವಿಸುವುದು ಸುಲಭ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಟ್ಯೂಬುಗಳಲ್ಲಿ ಇರುವುದು ಈ ಕಿಣ್ವದ ಒಂದು ಭಾಗ ಮಾತ್ರ.

ಈ ಲೇಖನ ಎಂ.ಎಸ್ಸಿ. ಪ್ರಾಜೆಕ್ಟ್ ಅಥವಾ ಪಿಎಚ್‌.ಡಿ.ಯ ಆರಂಭದಲ್ಲಿರುವವರಿಗೆ, ಕೈನೇಸ್ ಪ್ರಯೋಗವನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವವರಿಗೆ. ಪಿಪೆಟ್ ಹಿಡಿಯಲು, ಜೆಲ್ ಓಡಿಸಲು ಬಲ್ಲವರು ನೀವು ಎಂದು ಅಂದುಕೊಂಡಿದ್ದೇನೆ.

ಮೊದಲು ಕಿಣ್ವದ ಪರಿಚಯ

ಸಿಡಿಕೆ12 ಒಟ್ಟು 1,490 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನ್, ತೂಕ ಸುಮಾರು 164 ಕಿಲೊಡಾಲ್ಟನ್. ಇದರ ಜೀನ್ 17ನೆಯ ಕ್ರೋಮೋಸೋಮಿನ ಉದ್ದನೆಯ ತೋಳಿನಲ್ಲಿ, ಸ್ತನ ಕ್ಯಾನ್ಸರ್‌ನಿಂದ ಹೆಸರಾದ ಹೆರ್2 ಜೀನಿನ ನೆರೆಯಲ್ಲಿದೆ. 2001ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ಇಟ್ಟ ಹೆಸರು ಸಿಆರ್‌ಕೆಆರ್‌ಎಸ್. ಕೊನೆಯ ಎರಡು ಅಕ್ಷರಗಳು ಅರ್ಜಿನೀನ್ ಮತ್ತು ಸೆರೀನ್ ಸಾಲುಸಾಲಾಗಿ ಬರುವ ಭಾಗವನ್ನು ಸೂಚಿಸುತ್ತವೆ. ಸ್ಪ್ಲೈಸಿಂಗ್ ನಡೆಸುವ ಎಸ್‌ಆರ್ ಪ್ರೋಟೀನುಗಳಲ್ಲಿಯೂ ಇಂಥದೇ ಸಾಲು ಇರುತ್ತದೆ. ಸ್ಪ್ಲೈಸಿಂಗ್ ಅಂಶಗಳು ಗುಂಪಾಗಿ ಸೇರುವ ಕೋಶಕೇಂದ್ರದ ಚುಕ್ಕೆಗಳಲ್ಲಿಯೇ ಸಿಡಿಕೆ12 ಕೂಡ ಕಂಡುಬಂದದ್ದರಿಂದ ಸ್ಪ್ಲೈಸಿಂಗ್ ಜೊತೆಗಿನ ನಂಟು ಅಲ್ಲಿಂದಲೇ ಶುರುವಾಯಿತು.

ಒಂಟಿಯಾಗಿ ಸಿಡಿಕೆ12 ಕೆಲಸ ಮಾಡುವುದಿಲ್ಲ. ಅದಕ್ಕೆ ಸೈಕ್ಲಿನ್ ಕೆ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಬೇಕು. ಹಳೆಯ ಲೇಖನಗಳಲ್ಲಿ ಸೈಕ್ಲಿನ್ ಎಲ್ ಎಂದು ಬರೆದಿರುವುದನ್ನು ನೋಡಿ ಗೊಂದಲಕ್ಕೆ ಬೀಳಬೇಡಿ. 2010–11ರ ಹೊತ್ತಿಗೆ ಜೊತೆಗಾರ ಸೈಕ್ಲಿನ್ ಕೆ ಎಂಬುದು ಸ್ಪಷ್ಟವಾಯಿತು. ಜೊತೆ ಸಿಕ್ಕರೂ ಸಾಲದು. ಕೈನೇಸಿನ ಸಕ್ರಿಯಗೊಳಿಸುವ ಕುಣಿಕೆಯಲ್ಲಿರುವ 893ನೆಯ ಥ್ರಿಯೋನೀನ್ ಮೇಲೆ ಫಾಸ್ಫೇಟ್ ಕೂತಿರಬೇಕು. ಕೈನೇಸ್ ಭಾಗ ಮುಗಿದ ಮೇಲೆ ಬರುವ ಒಂದು ಸುರುಳಿ ಕೂಡ ಬೇಕು. ಅದು ಹಿಂದಕ್ಕೆ ಬಾಗಿ, ಫಾಸ್ಫೇಟ್ ಒದಗಿಸುವ ಎಟಿಪಿ ಕೂರುವ ಜಾಗವನ್ನು ಮುಟ್ಟುತ್ತದೆ. ಹೀಗೆ ಮೂರು ಷರತ್ತುಗಳು: ಸೈಕ್ಲಿನ್ ಕೆ, 893ರ ಫಾಸ್ಫೇಟ್, ಆ ಬಾಲದ ಸುರುಳಿ. ಕ್ಯಾಟಲಾಗ್ ಓದುವಾಗ ಹುಡುಕಬೇಕಾದದ್ದು ಈ ಮೂರನ್ನು.

ಇದರ ಮುಖ್ಯ ಸಬ್‌ಸ್ಟ್ರೇಟ್, ಅಂದರೆ ಇದು ಫಾಸ್ಫೇಟ್ ಕೂರಿಸುವ ಗುರಿ, ಜೀನ್ ಓದಿ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ 2ರ ಬಾಲ. ಟೈರೊಸೀನ್, ಸೆರೀನ್, ಪ್ರೊಲೀನ್, ಥ್ರಿಯೋನೀನ್, ಸೆರೀನ್, ಪ್ರೊಲೀನ್, ಸೆರೀನ್ ಎಂಬ ಏಳರ ಸಾಲು ಮನುಷ್ಯನಲ್ಲಿ 52 ಸಲ, ಬೇಕರಿ ಯೀಸ್ಟ್‌ನಲ್ಲಿ 26 ಸಲ ಮರುಕಳಿಸುತ್ತದೆ. ಈ ಬಾಲದ ಯಾವ ಸೆರೀನ್ ಮೇಲೆ ಯಾವಾಗ ಫಾಸ್ಫೇಟ್ ಕೂರುತ್ತದೆ ಎಂಬುದರ ಮೇಲೆ ಪ್ರತಿಲೇಖನದ ಆರಂಭ, ಮುಂದುವರಿಕೆ, ಮುಕ್ತಾಯ ನಿಂತಿವೆ; ಸ್ಪ್ಲೈಸಿಂಗ್ ಯಂತ್ರ ಬಾಲದ ಮೇಲೆ ಬಂದು ಕೂರುವುದೂ ಅದನ್ನೇ ಅವಲಂಬಿಸಿದೆ.

ಕ್ಯಾಟಲಾಗ್ ಓದುವ ಬಗೆ

ಅಮೈನೊ ಆಮ್ಲಗಳ ಸಂಖ್ಯೆಯಿಂದ ಶುರುಮಾಡಿ. ಕೈನೇಸ್ ಭಾಗ ಸುಮಾರು 727ರಿಂದ 1,020ರವರೆಗೆ. ಆದರೆ 1,020ಕ್ಕೇ ಕತ್ತರಿಸಿದ ತುಂಡು ಬೇಡ. ಬಾಲದ ಸುರುಳಿ ಬೇಕಾದ್ದರಿಂದ ತುಂಡು 1,050ನ್ನು ದಾಟಿರಬೇಕು. ಸುಮಾರು 700ರಿಂದ 1,080ರವರೆಗಿನ ತುಂಡು, ಸೈಕ್ಲಿನ್ ಕೆಯ ಮೊದಲ 267 ಅಮೈನೊ ಆಮ್ಲಗಳ ಜೊತೆ ಇದ್ದರೆ ಚಟುವಟಿಕೆಯ ಪ್ರಯೋಗಗಳಿಗೆ ತಕ್ಕದ್ದು.

ಈಗ ಲೆಕ್ಕ ಹಾಕಿ ನೋಡಿ. ಅರ್ಜಿನೀನ್-ಸೆರೀನ್ ಸಾಲು ಇರುವುದು ಪ್ರೋಟೀನಿನ ಆರಂಭದ ಕಡೆ, 700ಕ್ಕಿಂತ ಬಹಳ ಹಿಂದೆ. ಅಂದರೆ ಸ್ಪ್ಲೈಸಿಂಗ್ ನಂಟಿಗೆ ಕಾರಣವಾದ ಭಾಗವೇ ಈ ಟ್ಯೂಬಿನಲ್ಲಿ ಇಲ್ಲ. ಸಿಡಿಕೆ12 ಯಾವ ಸ್ಪ್ಲೈಸಿಂಗ್ ಅಂಶಕ್ಕೆ ಅಂಟುತ್ತದೆ, ಚುಕ್ಕೆಗಳಿಗೆ ಹೇಗೆ ಹೋಗುತ್ತದೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಈ ತುಂಡನ್ನು ಎಷ್ಟು ಶುದ್ಧ ಮಾಡಿದರೂ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅದಕ್ಕೆ ಪೂರ್ಣ ಉದ್ದದ ಪ್ರೋಟೀನ್ ಬೇಕು, ಅಥವಾ ಜೀವಕೋಶದಿಂದಲೇ ಎಳೆದು ತೆಗೆಯುವ ವಿಧಾನ ಬೇಕು. ಪಾಲಿಮರೇಸ್ ಬಾಲದ ಮೇಲೆ ಇದರ ಕೆಲಸ, ಇದನ್ನು ತಡೆಯುವ ಪ್ರತಿಬಂಧಕಗಳ ಶಕ್ತಿ, ಎಟಿಪಿಯ ಜೊತೆಗಿನ ಸ್ಪರ್ಧೆ ನಿಮ್ಮ ವಿಷಯವಾಗಿದ್ದರೆ ತುಂಡು ಧಾರಾಳವಾಗಿ ಸಾಕು.

ಪ್ರಶ್ನೆ ನೇರವಾಗಿ ಎಸ್‌ಆರ್ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಕೂರಿಸುವುದರ ಬಗ್ಗೆ ಇದ್ದರೆ ಸಿಡಿಕೆ12 ಬಿಟ್ಟುಬಿಡಿ. ಎಸ್‌ಆರ್‌ಪಿಕೆ1 ಅಥವಾ ಸಿಎಲ್‌ಕೆ1 ಎಂಬ ಕೈನೇಸ್ ತರಿಸಿ. ಎಸ್‌ಆರ್‌ಪಿಕೆ1ಕ್ಕೆ ಸೈಕ್ಲಿನ್ನೂ ಬೇಡ, ಸಕ್ರಿಯಗೊಳಿಸುವ ಫಾಸ್ಫೇಟೂ ಬೇಡ. ಎಸ್‌ಆರ್ ಪ್ರೋಟೀನುಗಳಲ್ಲಿ ಒಂದಾದ ಎಸ್‌ಆರ್‌ಎಸ್‌ಎಫ್1ರ ಅರ್ಜಿನೀನ್-ಸೆರೀನ್ ಸಾಲನ್ನು ಹಿಡಿದುಕೊಂಡರೆ ಬಿಡದೆ ಒಂದರ ಹಿಂದೆ ಒಂದು ಫಾಸ್ಫೇಟ್ ಕೂರಿಸುತ್ತದೆ. ಸೆರೀನ್ ಪಕ್ಕದಲ್ಲಿ ಪ್ರೊಲೀನ್ ಇರುವ ಜಾಗಗಳಿಗೆ ಸಿಎಲ್‌ಕೆ1 ಬೇಕು. ಇಲ್ಲಿ ಹೇಳುವ ಹಂತಗಳು ಬಹುಪಾಲು ಅವಕ್ಕೂ ಅನ್ವಯಿಸುತ್ತವೆ.

ಕ್ಯಾಟಲಾಗಿನಲ್ಲಿ ಇನ್ನೂ ಎರಡು ವಿಷಯ ನೋಡಿ. ಒಂದು, ಯಾವ ಕೋಶದಲ್ಲಿ ತಯಾರಿಸಿದ್ದು ಎಂಬುದು. ಕೀಟಕೋಶಗಳಲ್ಲಿ, 893ರ ಮೇಲೆ ಫಾಸ್ಫೇಟ್ ಕೂರಿಸುವ ಇನ್ನೊಂದು ಕೈನೇಸ್ ಜೊತೆ ಸೇರಿಸಿ ತಯಾರಿಸಿದ್ದಾದರೆ ಭರವಸೆ ಹೆಚ್ಚು. ಇ. ಕೋಲಿಯಲ್ಲಿ ಮಾಡಿದ್ದಾದರೆ 893ರ ಬಗ್ಗೆ ಬರೆದು ಕೇಳಿ. ಎರಡು, ಟ್ಯಾಗ್, ಅಂದರೆ ಶುದ್ಧೀಕರಿಸಲೆಂದು ಜೋಡಿಸಿದ ಹೆಚ್ಚುವರಿ ತುಂಡು. ಜಿಎಸ್‌ಟಿ ಟ್ಯಾಗ್ 26 ಕಿಲೊಡಾಲ್ಟನ್ ತೂಗುತ್ತದೆ, ತಾನೇ ಜೋಡಿಯಾಗುತ್ತದೆ. ಚಟುವಟಿಕೆ ಅಳೆಯಲು ತೊಂದರೆಯಿಲ್ಲ. ಬಂಧದ ಬಲ ಅಳೆಯುವವರಿಗೆ ತೊಂದರೆ.

ಲೇಬಲಿನ ಮೇಲಿನ ‘ಸಕ್ರಿಯ’ ಎಂಬ ಮಾತಿಗೆ ಮಾರುಹೋಗಬೇಡಿ. ನ್ಯಾನೊಮೋಲ್ ಪ್ರತಿ ನಿಮಿಷ ಪ್ರತಿ ಮಿಲಿಗ್ರಾಂ ಎಂದು ಕೊಟ್ಟ ಅಂಕಿ ಆ ಕಂಪನಿಯ ಬಫರ್, ಆ ಸಬ್‌ಸ್ಟ್ರೇಟ್, ಆ ಎಟಿಪಿ ಪ್ರಮಾಣಕ್ಕೆ ಮಾತ್ರ ಸಲ್ಲುತ್ತದೆ. ಎರಡು ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಆ ಲಾಟ್‌ನ ವಿಶ್ಲೇಷಣಾ ಪತ್ರವನ್ನು, ಜೆಲ್ ಚಿತ್ರದ ಸಮೇತ, ಹಣ ಕೊಡುವ ಮೊದಲು ತರಿಸಿಕೊಳ್ಳಿ.

ತರಿಸುವುದು, ಇಳಿಸಿಕೊಳ್ಳುವುದು

ಹೊರದೇಶದಿಂದ ಬರುವ ಪಾರ್ಸೆಲ್ ಡ್ರೈ ಐಸ್‌ನಲ್ಲಿ, ಅಂದರೆ ಮೈನಸ್ 78.5 ಡಿಗ್ರಿಯಲ್ಲಿ ಬರುತ್ತದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸುಂಕದ ಕಾಗದಪತ್ರ ಒಂದೆರಡು ದಿನ ಹಿಡಿದರೆ ಡ್ರೈ ಐಸ್ ಕರಗಿ ಹೋಗುತ್ತದೆ. ಆದ್ದರಿಂದ ಡೀಲರ್‌ಗೆ ಆರ್ಡರ್‌ನಲ್ಲೇ ಬರೆದುಕೊಡಿ: ವಾರದ ಮೊದಲ ಭಾಗದಲ್ಲಿ ತಲುಪಬೇಕು, ದಾರಿಯಲ್ಲಿ ತಡವಾದರೆ ಡ್ರೈ ಐಸ್ ಮರುತುಂಬಿಸಬೇಕು. ದಸರಾ, ದೀಪಾವಳಿಯಂಥ ಸಾಲು ರಜೆಗಳ ಹಿಂದಿನ ವಾರ ತರಿಸಲೇಬೇಡಿ. ಮೈಸೂರು, ಧಾರವಾಡ, ಮಂಗಳೂರಿನವರು ಬೆಂಗಳೂರಿನಿಂದ ಮುಂದಿನ ದಾರಿಗೂ ಇದೇ ಷರತ್ತು ಹಾಕಬೇಕು. ಆ ಕೊನೆಯ ದಾರಿಯಲ್ಲಿ ಜೆಲ್ ಪ್ಯಾಕ್‌ಗೆ ಬದಲಾಯಿಸಿಬಿಡುವುದು ಸುಲಭವಾಗಿ ನಡೆದುಹೋಗುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಡ್ರೈ ಐಸ್ ಉಳಿದಿದೆಯೇ ನೋಡಿ, ಫೋಟೊ ತೆಗೆಯಿರಿ, ಲಾಟ್ ಸಂಖ್ಯೆ ಬರೆದುಕೊಳ್ಳಿ. ಟ್ಯೂಬನ್ನು ಮೈನಸ್ 80ಕ್ಕೆ ಹಾಕಿ ಒಂದು ದಿನ ಸುಮ್ಮನೆ ಬಿಡಿ. ಡ್ರೈ ಐಸ್‌ನ ಇಂಗಾಲದ ಡೈಆಕ್ಸೈಡ್ ಟ್ಯೂಬಿನೊಳಗೆ ಸೇರಿಕೊಂಡಿದ್ದರೆ ಕರಗಿಸಿದಾಗ ದ್ರಾವಣದ ಪಿಎಚ್ ಇಳಿಯುತ್ತದೆ. ಒಂದು ದಿನ ಬಿಟ್ಟರೆ ಅನಿಲ ಹೊರಗೆ ಹೋಗುತ್ತದೆ.

ಕಿಣ್ವವನ್ನು ನೀವೇ ತಯಾರಿಸುವುದಾದರೆ ದಾರಿ ಬೇರೆ. ಕೀಟಕೋಶಗಳು, 27 ಡಿಗ್ರಿ, ಬ್ಯಾಕ್ಯುಲೊವೈರಸ್ ಸೋಂಕಿನ ನಂತರ ಎರಡು-ಮೂರು ದಿನ, ಜಿಎಸ್‌ಟಿ ಕಾಲಂ, ಟ್ಯಾಗ್ ಕತ್ತರಿಸುವುದು, ಕೊನೆಗೆ ಗಾತ್ರದ ಮೇಲೆ ಬೇರ್ಪಡಿಸುವ ಕಾಲಂ. ಸೈಕ್ಲಿನ್ ಕೆ ಮತ್ತು ಸಕ್ರಿಯಗೊಳಿಸುವ ಕೈನೇಸ್ (ಯೀಸ್ಟ್‌ನ ಸಿಎಕೆ1 ಬಳಕೆಯಲ್ಲಿದೆ) ಎರಡನ್ನೂ ಒಟ್ಟಿಗೇ ಕೊಡಬೇಕು. ಜೀನ್ ಬದಲಿಸಿದ ಜೀವಿಗಳ ಕೆಲಸವಾದ್ದರಿಂದ ಶುರುಮಾಡುವ ಮೊದಲೇ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆಯಿರಿ. ಐದಾರು ತಿಂಗಳು ಕೈಯಲ್ಲಿದ್ದು, ಮಿಲಿಗ್ರಾಂಗಟ್ಟಲೆ ಬೇಕಾದವರು ಮಾತ್ರ ಇದಕ್ಕೆ ಕೈಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಂಚಿ ಇಡುವುದು

ಒಂದೇ ಒಂದು ಸಲ ಕರಗಿಸಿ, ಸಣ್ಣ ಪಾಲುಗಳನ್ನು ಮಾಡಿ, ಮತ್ತೆ ಹೆಪ್ಪುಗಟ್ಟಿಸಿ. ಐಸ್ ಮೇಲಿಟ್ಟೇ ಕರಗಿಸಬೇಕು. ವೋರ್ಟೆಕ್ಸ್‌ನ ಹತ್ತಿರವೂ ಒಯ್ಯಬೇಡಿ. ಬೆರಳಿನಿಂದ ಮೆಲ್ಲಗೆ ತಟ್ಟಿ, ಕೆಲವು ಸೆಕೆಂಡು ಸ್ಪಿನ್ ಮಾಡಿ. ಪ್ರೋಟೀನ್ ಅಂಟಿಕೊಳ್ಳದ ಟ್ಯೂಬುಗಳನ್ನು ಮೊದಲೇ ಐಸ್‌ನಲ್ಲಿ ತಣ್ಣಗೆ ಮಾಡಿಟ್ಟುಕೊಳ್ಳಿ. ಪಾಲು 5 ಮೈಕ್ರೊಲೀಟರ್‌ಗಿಂತ ಕಡಿಮೆ ಬೇಡ, ಏಕೆಂದರೆ ಅಷ್ಟು ಚಿಕ್ಕ ಹನಿಯಲ್ಲಿ ಗೋಡೆಗೆ ಅಂಟಿ ಹೋಗುವ ಪಾಲೇ ದೊಡ್ಡದು. ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿ ಮೈನಸ್ 80ಕ್ಕೆ ಹಾಕಿ. ತಾನಾಗಿ ಮಂಜು ಕರಗಿಸಿಕೊಳ್ಳುವ ಮೈನಸ್ 20 ಫ್ರೀಜರ್ ಇದಕ್ಕೆ ಸಲ್ಲದು. ಆಗಾಗ ಬಿಸಿಯಾಗಿ ತಣಿಯುವ ಅದರ ಸ್ವಭಾವವೇ ಕಿಣ್ವಕ್ಕೆ ಶತ್ರು.

ಒಂದು ಪಾಲು ಹೊರತೆಗೆದ ಮೇಲೆ ಉಳಿದದ್ದನ್ನು ಮತ್ತೆ ಫ್ರೀಜರ್‌ಗೆ ಹಾಕುವ ಆಸೆ ಬರುತ್ತದೆ, ಬೆಲೆ ಅಷ್ಟಿರುತ್ತದೆ. ಹಾಕಬೇಡಿ. ಎಸೆಯುವ ಮನಸ್ಸಾಗದಿದ್ದರೆ ಅದನ್ನು ಹೊಸಬರಿಗೆ ಅಭ್ಯಾಸಕ್ಕೆ ಕೊಡಿ. ಪ್ರಕಟಿಸುವ ಅಂಕಿಗೆ ಮಾತ್ರ ಬಳಸಬೇಡಿ.

ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಮುಂದಿನ ಎಲ್ಲವೂ ಈ ಲೆಕ್ಕದ ಮೇಲೆ ನಿಂತಿದೆ.

ಜಿಎಸ್‌ಟಿ ಟ್ಯಾಗ್ ಇರುವ ಸಿಡಿಕೆ12ರ ತುಂಡು ಸುಮಾರು 70 ಕಿಲೊಡಾಲ್ಟನ್, ಸೈಕ್ಲಿನ್ ಕೆಯ ತುಂಡು ಸುಮಾರು 30. ಜೋಡಿಯ ತೂಕ ಸುಮಾರು 100 ಕಿಲೊಡಾಲ್ಟನ್. ಟ್ಯೂಬಿನ ಮೇಲೆ ಮಿಲಿಲೀಟರ್‌ಗೆ 0.1 ಮಿಲಿಗ್ರಾಂ ಎಂದಿದ್ದರೆ ಅದು 1 ಮೈಕ್ರೊಮೋಲಾರ್. ಪ್ರತಿಕ್ರಿಯೆಯಲ್ಲಿ 20 ನ್ಯಾನೊಮೋಲಾರ್ ಬೇಕಾದರೆ 50 ಪಟ್ಟು ತೆಳುವಾಗಬೇಕು. 20 ಮೈಕ್ರೊಲೀಟರ್ ಪ್ರತಿಕ್ರಿಯೆಯಲ್ಲಿ ಅದು 0.4 ಪಿಕೊಮೋಲ್, ತೂಕದಲ್ಲಿ 40 ನ್ಯಾನೊಗ್ರಾಂ. 10 ಮೈಕ್ರೊಗ್ರಾಂ ಟ್ಯೂಬಿನಿಂದ ಕಾಗದದ ಮೇಲೆ 250 ಪ್ರತಿಕ್ರಿಯೆ. ಪಿಪೆಟ್‌ನಲ್ಲಿ, ಟ್ಯೂಬಿನ ತಳದಲ್ಲಿ ಉಳಿಯುವುದನ್ನೂ ಆರಂಭದ ಪರೀಕ್ಷೆಗಳನ್ನೂ ಕಳೆದರೆ ಅದಕ್ಕಿಂತ ಸಾಕಷ್ಟು ಕಡಿಮೆ ಎಂದು ಯೋಜಿಸಿ.

ಇನ್ನು ಸಬ್‌ಸ್ಟ್ರೇಟ್. 20 ಮೈಕ್ರೊಮೋಲಾರ್ ಪೆಪ್ಟೈಡ್ ಇಟ್ಟರೆ 20 ಮೈಕ್ರೊಲೀಟರ್‌ನಲ್ಲಿ 400 ಪಿಕೊಮೋಲ್. ಎಟಿಪಿ 100 ಮೈಕ್ರೊಮೋಲಾರ್ ಆದರೆ 2,000 ಪಿಕೊಮೋಲ್. ವೇಗ ನೇರ ಗೆರೆಯಲ್ಲಿ ಇರಬೇಕಾದರೆ ಯಾವುದು ಕಡಿಮೆ ಇದೆಯೋ ಅದರ ಶೇ 10ಕ್ಕಿಂತ ಹೆಚ್ಚು ಖರ್ಚಾಗಬಾರದು. ಇಲ್ಲಿ ಕಡಿಮೆ ಇರುವುದು ಪೆಪ್ಟೈಡ್, ಅದರ ಶೇ 10 ಎಂದರೆ 40 ಪಿಕೊಮೋಲ್. ಅಂದರೆ ಎಟಿಪಿಯ ಶೇ 2 ಮಾತ್ರ ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿ ಆಗಿರುತ್ತದೆ. 30 ನಿಮಿಷದ ಪ್ರತಿಕ್ರಿಯೆಯಲ್ಲಿ 0.4 ಪಿಕೊಮೋಲ್ ಕಿಣ್ವ 40 ಪಿಕೊಮೋಲ್ ಫಾಸ್ಫೇಟ್ ಕೂರಿಸಬೇಕಾದರೆ ಪ್ರತಿ ಅಣು ನಿಮಿಷಕ್ಕೆ ಮೂರು ಸಲಕ್ಕಿಂತ ಸ್ವಲ್ಪ ಹೆಚ್ಚು ತಿರುಗಿದರೆ ಸಾಕು. ನಿಮ್ಮ ಪತ್ತೆಹಚ್ಚುವ ವಿಧಾನ ಶೇ 2ರ ಬದಲಾವಣೆಯನ್ನು ಹಿನ್ನೆಲೆಯಿಂದ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸದಿದ್ದರೆ ಎಟಿಪಿ ಇಳಿಸಿ, ಇಲ್ಲವೇ ಪೆಪ್ಟೈಡ್ ಏರಿಸಿ. ಈ ನಾಲ್ಕು ಸಾಲಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಪ್ಲೇಟ್ ತುಂಬಿಸಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪೆಪ್ಟೈಡ್ ಆಯ್ಕೆ

ಪಾಲಿಮರೇಸ್ ಬಾಲದ ಏಳರ ಸಾಲನ್ನು ಮೂರು ಸಲ ಹೊಂದಿರುವ ಪೆಪ್ಟೈಡ್ ಮಾಡಿಸಿ. ಏಳನೆಯ ಸೆರೀನ್ (ಏಳರ ಸಾಲಿನಲ್ಲಿ ಏಳನೆಯ ಸ್ಥಾನದ್ದು; ಮುಂದೆ ಬರುವ ಎರಡನೆಯ, ಐದನೆಯ ಎಂಬುದೂ ಹೀಗೆಯೇ) ಮೇಲೆ ಮೊದಲೇ ಫಾಸ್ಫೇಟ್ ಇರುವಂಥದ್ದನ್ನು ತರಿಸಿದರೆ ಸಿಡಿಕೆ12 ಗಮನಾರ್ಹವಾಗಿ ಚುರುಕಾಗುತ್ತದೆ. ಬರಿಯ ಪೆಪ್ಟೈಡ್ ಮೇಲೆ ಅದು ಸೋಮಾರಿ. ಹೋಲಿಕೆಗೆ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ವ್ಯತ್ಯಾಸ ಕಾಣಿಸಿದರೆ ನಿಮ್ಮ ಕಿಣ್ವ ತನ್ನ ಗುಣ ತೋರಿಸುತ್ತಿದೆ ಎಂಬುದಕ್ಕೆ ಅದೇ ಒಂದು ಸಾಕ್ಷಿ.

ಪೆಪ್ಟೈಡ್ ಪುಡಿಯ ತೂಕವನ್ನು ನಂಬಿ ಪ್ರಮಾಣ ಲೆಕ್ಕ ಹಾಕಬೇಡಿ. ಪುಡಿಯಲ್ಲಿ ಲವಣ ಮತ್ತು ನೀರು ಸೇರಿರುತ್ತವೆ. ಏಳರ ಸಾಲಿನಲ್ಲಿ ಒಂದೊಂದು ಟೈರೊಸೀನ್ ಇರುವುದು ನಮ್ಮ ಅದೃಷ್ಟ: 280 ನ್ಯಾನೊಮೀಟರ್‌ನಲ್ಲಿ ಅಳೆಯಿರಿ, ಪ್ರತಿ ಟೈರೊಸೀನ್‌ಗೆ 1,490ರಂತೆ ಮೂರಕ್ಕೆ 4,470 ಎಂದು ಹಿಡಿದು ಮೋಲಾರ್ ಪ್ರಮಾಣ ಕಂಡುಕೊಳ್ಳಿ. ತಯಾರಿಕೆಯಲ್ಲಿ ಉಳಿದ ಆಮ್ಲ ಪೆಪ್ಟೈಡ್ ದ್ರಾವಣವನ್ನು ಹುಳಿಯಾಗಿಸುತ್ತದೆ. ಪಿಎಚ್ ಪಟ್ಟಿಗೆ ಒಂದು ಹನಿ ಹಾಕಿ ನೋಡಿ, ಬೇಕಾದರೆ ಸರಿಪಡಿಸಿ.

ಮೊದಲ ಪ್ರಯೋಗ: ಕಿಣ್ವ ಇದೆಯೇ, ಬದುಕಿದೆಯೇ

ಮೊದಲು ಒಂದು ಜೆಲ್. ಕೂಮಾಸಿ ಬಣ್ಣದಲ್ಲಿ ಎರಡು ಪಟ್ಟಿ ಕಾಣಬೇಕು, ಸಿಡಿಕೆ12 ಮತ್ತು ಸೈಕ್ಲಿನ್ ಕೆ. ಸೈಕ್ಲಿನ್ ಪಟ್ಟಿ ಮಂಕಾಗಿದ್ದರೆ ಜೋಡಿಯಾಗದ ಸಿಡಿಕೆ12 ಹೆಚ್ಚಿದೆ ಎಂದರ್ಥ. ಪಟ್ಟಿಯ ದಟ್ಟತೆಯನ್ನು ತೂಕಕ್ಕೆ ಭಾಗಿಸಿ ಅನುಪಾತ ನೋಡಿ. ಸುಮಾರು 70 ಕಿಲೊಡಾಲ್ಟನ್ ಹತ್ತಿರ ಇನ್ನೊಂದು ಪಟ್ಟಿ ಅಂಟಿಕೊಂಡಂತೆ ಕಂಡರೆ ಎಚ್ಚರ: ಕೋಶದ ಎಚ್‌ಎಸ್‌ಪಿ70 ಜೊತೆಯಲ್ಲಿ ಬಂದಿರಬಹುದು, ಅದು ಸ್ವತಃ ಎಟಿಪಿ ಒಡೆಯುತ್ತದೆ. ಪ್ರತಿಕಾಯದಿಂದ ದೃಢಪಡಿಸುವವರು ಆ ಪ್ರತಿಕಾಯ ಪ್ರೋಟೀನಿನ ಯಾವ ಭಾಗವನ್ನು ಗುರುತಿಸುತ್ತದೆ ಎಂದು ಮೊದಲು ಓದಿ. ತುದಿಯ ಭಾಗವನ್ನು ಗುರುತಿಸುವ ಪ್ರತಿಕಾಯ ಈ ತುಂಡಿನಲ್ಲಿ ಏನನ್ನೂ ತೋರಿಸುವುದಿಲ್ಲ, ತಪ್ಪು ಮಾತ್ರ ಕಿಣ್ವದ ಮೇಲೆ ಬರುತ್ತದೆ.

ನಂತರ ಚಟುವಟಿಕೆ. ಬಫರ್ ಸರಳವಾಗಿರಲಿ: ಪಿಎಚ್ 7.5ರ ಹೆಪೆಸ್ 50 ಮಿಲಿಮೋಲಾರ್, ಮೆಗ್ನೀಸಿಯಂ ಕ್ಲೋರೈಡ್ 10 ಮಿಲಿಮೋಲಾರ್, ಡಿಟಿಟಿ 1 ಮಿಲಿಮೋಲಾರ್, ಶೇ 0.01 ಟ್ರೈಟಾನ್, ಮಿಲಿಲೀಟರ್‌ಗೆ 0.1 ಮಿಲಿಗ್ರಾಂ ಬಿಎಸ್‌ಎ. ಡಿಟಿಟಿಯನ್ನು ಅಂದಂದೇ ಸೇರಿಸಿ. ಟ್ರೈಟಾನ್ ಮತ್ತು ಬಿಎಸ್‌ಎ ಇಲ್ಲದಿದ್ದರೆ ನ್ಯಾನೊಮೋಲಾರ್ ಮಟ್ಟದ ಕಿಣ್ವ ಪ್ಲೇಟಿನ ಗೋಡೆಗೆ ಅಂಟಿಕೊಂಡು ಮಾಯವಾಗುತ್ತದೆ.

ತಾಪಮಾನವನ್ನು ‘ಕೊಠಡಿಯ ತಾಪಮಾನ’ ಎಂದು ಬರೆಯುವ ಅಭ್ಯಾಸ ಬಿಡಿ. ಬೆಂಗಳೂರಿನ ಜನವರಿಯ ಕೊಠಡಿ ಬೇರೆ, ಕಲಬುರಗಿಯ ಏಪ್ರಿಲ್ ಕೊಠಡಿ ಬೇರೆ. 30 ಡಿಗ್ರಿಗೆ ಇಟ್ಟ ಬ್ಲಾಕ್ ಬಳಸಿ.

ಪತ್ತೆಗೆ ನಾನು ಮೊದಲು ಸೂಚಿಸುವುದು ಎಡಿಪಿ-ಗ್ಲೋ ತರಹದ ಬೆಳಕಿನ ವಿಧಾನ. ಪ್ರತಿಕ್ರಿಯೆ ಮುಗಿದ ಮೇಲೆ ಉಳಿದ ಎಟಿಪಿಯನ್ನು ಮೊದಲ ದ್ರಾವಣ 40 ನಿಮಿಷದಲ್ಲಿ ತೆಗೆದುಹಾಕುತ್ತದೆ. ಎರಡನೆಯದು ಎಡಿಪಿಯನ್ನು ಮತ್ತೆ ಎಟಿಪಿಯಾಗಿಸಿ ಬೆಳಕು ಹೊಮ್ಮಿಸುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ. ಪ್ರತಿಕ್ರಿಯೆ, ಮೊದಲ ದ್ರಾವಣ, ಎರಡನೆಯದು ಒಂದಕ್ಕೆ ಒಂದಕ್ಕೆ ಎರಡರ ಅನುಪಾತದಲ್ಲಿ. ಅತಿ ಶುದ್ಧ ಎಟಿಪಿಯನ್ನೇ ಬಳಸಿ, ಏಕೆಂದರೆ ಹಳೆಯ ಎಟಿಪಿಯಲ್ಲಿ ಎಡಿಪಿ ಬೆರೆತಿರುತ್ತದೆ, ಹಿನ್ನೆಲೆ ಏರುತ್ತದೆ. ವಿಕಿರಣಶೀಲ ರಂಜಕ-32 ಬಳಸುವ ವಿಧಾನ ಇಂದಿಗೂ ಅತ್ಯಂತ ನೇರವಾದದ್ದು. ಆದರೆ ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಪ್ರಯೋಗಾಲಯ ಬೇಕು, 14.3 ದಿನದ ಅರ್ಧಾಯುವಿಗೆ ತಕ್ಕಂತೆ ಯೋಜನೆ ಬೇಕು.

ಮೊದಲ ಪ್ಲೇಟಿನಲ್ಲಿ ಪ್ರತಿಬಂಧಕ ಯಾವುದೂ ಬೇಡ. ಕಿಣ್ವವನ್ನು 200 ನ್ಯಾನೊಮೋಲಾರ್‌ನಿಂದ ಅರ್ಧರ್ಧ ಮಾಡುತ್ತಾ ಇಳಿಸಿ, ಬೇರೆ ಬೇರೆ ಸಮಯದಲ್ಲಿ ನಿಲ್ಲಿಸಿ: 10, 20, 30, 60, 90 ನಿಮಿಷ. ಅದರ ಪಕ್ಕದಲ್ಲೇ ಮೂರು ಸಾಲು ಇರಲೇಬೇಕು. ಕಿಣ್ವವಿಲ್ಲದ್ದು, ಪೆಪ್ಟೈಡ್ ಇಲ್ಲದ್ದು, ಮೆಗ್ನೀಸಿಯಂ ಇಲ್ಲದೆ ಇಡಿಟಿಎ ಇರುವುದು. ಪೆಪ್ಟೈಡ್ ಇಲ್ಲದ ಸಾಲಿನಲ್ಲೂ ಬೆಳಕು ಜೋರಾಗಿದ್ದರೆ ನೀವು ಅಳೆಯುತ್ತಿರುವುದು ಸಿಡಿಕೆ12 ಅಲ್ಲ, ಜೊತೆಗೆ ಬಂದ ಎಟಿಪಿ ಒಡೆಯುವ ಯಾವುದೋ ಪ್ರೋಟೀನ್. ಇಲ್ಲವೇ ಕೈನೇಸ್ ತನ್ನ ಮೇಲೆಯೇ ಫಾಸ್ಫೇಟ್ ಕೂರಿಸಿಕೊಳ್ಳುತ್ತಿದೆ. ಎಡಿಪಿ ಅಳೆಯುವ ವಿಧಾನಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ, ತಿಳಿಯಬೇಕಾದವರು ನೀವು.

ನೇರ ಗೆರೆಯಲ್ಲಿರುವ ಸಮಯ ಮತ್ತು ಕಿಣ್ವದ ಪ್ರಮಾಣ ಸಿಕ್ಕ ಮೇಲೆ ಎಟಿಪಿಯನ್ನು 5ರಿಂದ 500 ಮೈಕ್ರೊಮೋಲಾರ್‌ವರೆಗೆ ಬದಲಿಸಿ ಅದರ ಕೆಎಂ (ಗರಿಷ್ಠ ವೇಗದ ಅರ್ಧ ಕೊಡುವ ಪ್ರಮಾಣ) ಕಂಡುಕೊಳ್ಳಿ. ಪ್ರತಿ ಎಟಿಪಿ ಪ್ರಮಾಣಕ್ಕೂ ಬೇರೆ ಬೇರೆ ಎಡಿಪಿ ಮಾನಕ ಗೆರೆ ಬೇಕು. ಬೇಸರದ ಕೆಲಸ ನಿಜ. ಆದರೆ ಇದಿಲ್ಲದೆ ಮುಂದೆ ಯಾವ ಪ್ರತಿಬಂಧಕದ ಅಂಕಿಯನ್ನೂ ಇನ್ನೊಬ್ಬರ ಅಂಕಿಯ ಜೊತೆ ಇಡಲಾಗದು.

ಫಾಸ್ಫೇಟ್ ಯಾವ ಸೆರೀನ್ ಮೇಲೆ?

ಎಷ್ಟು ಎಂಬುದು ತಿಳಿದ ಮೇಲೆ ಎಲ್ಲಿ ಎಂಬ ಪ್ರಶ್ನೆ. ಇದಕ್ಕೆ ಪಾಲಿಮರೇಸ್ ಬಾಲವನ್ನು ಜಿಎಸ್‌ಟಿಗೆ ಜೋಡಿಸಿದ ಪ್ರೋಟೀನ್ ಬಳಸಿ, ನಿರ್ದಿಷ್ಟ ಸೆರೀನ್ ಗುರುತಿಸುವ ಪ್ರತಿಕಾಯಗಳಿಂದ ನೋಡಿ: ಎರಡನೆಯ ಸೆರೀನ್‌ಗೆ 3ಇ10, ಐದನೆಯದಕ್ಕೆ 3ಇ8, ಏಳನೆಯದಕ್ಕೆ 4ಇ12. ಇವು ಇಲಿಯ ಜಾತಿಯ ರ್‍ಯಾಟ್‌ನಲ್ಲಿ ತಯಾರಾದವು, ಆದ್ದರಿಂದ ಎರಡನೆಯ ಪ್ರತಿಕಾಯವೂ ರ್‍ಯಾಟ್ ವಿರುದ್ಧದ್ದೇ ಆಗಿರಬೇಕು. ಮೌಸ್‌ನದು ಹಾಕಿ ಖಾಲಿ ಬ್ಲಾಟ್ ನೋಡಿ ಕೊರಗುವವರು ಕಡಿಮೆಯಿಲ್ಲ. ಒಂದು ಪಾಲನ್ನು ಲ್ಯಾಂಬ್ಡಾ ಫಾಸ್ಫಟೇಸ್‌ನಿಂದ ತೊಳೆದು ಪಕ್ಕದಲ್ಲಿ ಓಡಿಸಿ. ಅದಕ್ಕೆ ಮ್ಯಾಂಗನೀಸ್ ಬೇಕೆಂಬುದು ನೆನಪಿರಲಿ.

ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಸಿಡಿಕೆ12 ಎಂದರೆ ಎರಡನೆಯ ಸೆರೀನ್ ಎಂದು ಓದಿದವರಿಗೆ ಟ್ಯೂಬಿನಲ್ಲಿ ಐದನೆಯ ಸೆರೀನ್ ಜೋರಾಗಿ ಕಾಣುತ್ತದೆ. ಕಿಣ್ವ ಕೆಟ್ಟಿಲ್ಲ. ಶುದ್ಧೀಕರಿಸಿದ ಸಿಡಿಕೆ12ರ ನಡವಳಿಕೆಯೇ ಹಾಗೆ, ಇದೇ ಬಾಲದ ಮೇಲೆ ಕೆಲಸ ಮಾಡುವ ಇನ್ನೊಂದು ಕೈನೇಸ್ ಸಿಡಿಕೆ9 ಕೂಡ ಹೀಗೆಯೇ. ಜೀವಕೋಶದಲ್ಲಿ ಜೊತೆಗಾರ ಪ್ರೋಟೀನುಗಳು, ಮೊದಲೇ ಕೂತ ಫಾಸ್ಫೇಟ್‌ಗಳು, ಕಿಣ್ವ ಜೀನಿನ ಯಾವ ಭಾಗದಲ್ಲಿ ನಿಂತಿದೆ ಎಂಬುದು ಎಲ್ಲವೂ ಸೇರಿ ಗುರಿಯನ್ನು ನಿರ್ಧರಿಸುತ್ತವೆ. ಆದ್ದರಿಂದ ಟ್ಯೂಬಿನ ಫಲಿತಾಂಶದಿಂದ ಜೀವಕೋಶದ ಬಗ್ಗೆ ವಾಕ್ಯ ಬರೆಯುವಾಗ ಕೈ ತಡೆಯಿರಿ.

ಪ್ರತಿಬಂಧಕಗಳು

2016ರಲ್ಲಿ ಬಂದ ಟಿಎಚ್‌ಝಡ್531 ಇಲ್ಲಿ ಒಳ್ಳೆಯ ಪರೀಕ್ಷಾ ಸಾಧನ. ಅದು 1,039ನೆಯ ಸಿಸ್ಟೀನ್‌ಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಈ ಸಿಸ್ಟೀನ್ ಇರುವುದು ಕೈನೇಸ್ ಭಾಗದ ಆಚೆಯ ಬಾಲದಲ್ಲಿ, ಅಂದರೆ 1,020ಕ್ಕೆ ಕತ್ತರಿಸಿದ ತುಂಡಿನಲ್ಲಿ ಅದು ಇರುವುದೇ ಇಲ್ಲ. ಪ್ರಕಟವಾದ ಐಸಿ50 (ಕಿಣ್ವದ ಚಟುವಟಿಕೆಯನ್ನು ಅರ್ಧಕ್ಕಿಳಿಸುವ ಪ್ರಮಾಣ) ಸಿಡಿಕೆ12ಕ್ಕೆ 158 ನ್ಯಾನೊಮೋಲಾರ್, ಸೋದರ ಕಿಣ್ವ ಸಿಡಿಕೆ13ಕ್ಕೆ 69. ನಿಮ್ಮ ಅಂಕಿ ಇದಕ್ಕೇ ಹೊಂದಬೇಕಿಲ್ಲ. ಶಾಶ್ವತವಾಗಿ ಅಂಟುವ ಪ್ರತಿಬಂಧಕದ ಐಸಿ50 ಸಮಯದ ಜೊತೆ ಇಳಿಯುತ್ತಾ ಹೋಗುತ್ತದೆ. ಕಿಣ್ವದ ಜೊತೆ ಎಟಿಪಿ ಇಲ್ಲದೆ 0, 15, 30, 60, 120 ನಿಮಿಷ ಇಟ್ಟು, ನಂತರ ಎಟಿಪಿ ಸೇರಿಸಿ ನೋಡಿ. ಗೆರೆ ಎಡಕ್ಕೆ ಸರಿಯುತ್ತಾ ಹೋದರೆ ಸಿಸ್ಟೀನ್ ತನ್ನ ಜಾಗದಲ್ಲಿದೆ, ತುಂಡು ಸರಿಯಾಗಿದೆ. ಸಮಯ ಬರೆಯದ ಐಸಿ50ಗೆ ಇಲ್ಲಿ ಬೆಲೆಯಿಲ್ಲ. ಡಿಟಿಟಿಯನ್ನು ಪ್ಲೇಟಿನ ಎಲ್ಲ ಬಾವಿಗಳಲ್ಲೂ (ವೆಲ್‌ಗಳಲ್ಲೂ) ಒಂದೇ ಮಟ್ಟದಲ್ಲಿಡಿ, ಏರಿಸಬೇಡಿ. ಅದರ ಥಯೋಲ್ ಗುಂಪೂ ಇಂಥ ಔಷಧಿಯ ಜೊತೆ ವರ್ತಿಸಬಲ್ಲದು.

20 ನ್ಯಾನೊಮೋಲಾರ್ ಕಿಣ್ವ ಬಳಸಿದ ಪ್ರಯೋಗದಲ್ಲಿ 10ಕ್ಕಿಂತ ಕಡಿಮೆ ಐಸಿ50 ಕಾಣುವುದು ಸಾಧ್ಯವಿಲ್ಲ. ಅರ್ಧ ಕಿಣ್ವವನ್ನು ಮುಚ್ಚಲು ಅಷ್ಟು ಅಣುಗಳು ಬೇಕೇ ಬೇಕು. ನಿಮ್ಮ ಹತ್ತು ಸಂಯುಕ್ತಗಳೂ 10ರ ಆಸುಪಾಸಿನಲ್ಲೇ ಸಾಲಾಗಿ ನಿಂತರೆ ಅವೆಲ್ಲ ಸಮಾನ ಬಲದವು ಎಂದು ಹಿಗ್ಗಬೇಡಿ; ಪ್ರಯೋಗದ ನೆಲ ಮುಟ್ಟಿದ್ದೀರಿ. ಕಿಣ್ವ ಇಳಿಸಿ ಮತ್ತೆ ಮಾಡಿ.

ಸಂಯುಕ್ತಗಳನ್ನು ಕರಗಿಸುವ ಡಿಎಂಎಸ್‌ಒ ಎಲ್ಲ ಬಾವಿಗಳಲ್ಲೂ ಶೇ 1ಕ್ಕೆ ಮೀರದೆ ಸಮನಾಗಿರಲಿ. ಎಡಿಪಿ-ಗ್ಲೋದಲ್ಲಿ ಬೆಳಕು ಹೊಮ್ಮಿಸುವ ಕಿಣ್ವವಾದ ಲೂಸಿಫರೇಸನ್ನೇ ತಡೆಯುವ ಸಂಯುಕ್ತ ಬೆಳಕನ್ನು ಇಳಿಸಿ ಕೈನೇಸ್ ಪ್ರತಿಬಂಧಕದಂತೆ ನಟಿಸುತ್ತದೆ. ಕಿಣ್ವವಿಲ್ಲದೆ, ತಿಳಿದ ಪ್ರಮಾಣದ ಎಡಿಪಿ ಹಾಕಿ ಅದೇ ಸಂಯುಕ್ತ ಸೇರಿಸಿದರೆ ನಟನೆ ಬಯಲಾಗುತ್ತದೆ. ಪ್ಲೇಟಿನ ಗುಣಮಟ್ಟಕ್ಕೆ ಝಡ್ ಪ್ರೈಮ್ (ಸಂಕೇತ ಹಿನ್ನೆಲೆಯಿಂದ ಎಷ್ಟು ಸ್ಪಷ್ಟವಾಗಿ ಬೇರೆಯಾಗಿದೆ ಎಂಬುದರ ಅಳತೆ) 0.5ಕ್ಕಿಂತ ಮೇಲಿರಲಿ. ಜೀವಕೋಶದಲ್ಲಿ ಎಟಿಪಿ ಮಿಲಿಮೋಲಾರ್ ಮಟ್ಟದಲ್ಲಿರುವುದರಿಂದ ಎಟಿಪಿ ಜಾಗಕ್ಕೆ ಪೈಪೋಟಿ ಮಾಡುವ ಯಾವುದೇ ಸಂಯುಕ್ತವನ್ನು 1 ಮಿಲಿಮೋಲಾರ್ ಎಟಿಪಿಯಲ್ಲೂ ಒಮ್ಮೆ ಅಳೆಯಿರಿ. ಕಾಗದದ ಮೇಲೆ ಶೂರನಾದದ್ದು ಅಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ.

ಸಿಡಿಕೆ13ನ್ನು ಪಕ್ಕದಲ್ಲಿ ಓಡಿಸದೆ ‘ಆಯ್ದ ಪ್ರತಿಬಂಧಕ’ ಎಂದು ಬರೆಯಲು ಹೋಗಬೇಡಿ. ಕೈನೇಸ್ ಭಾಗದಲ್ಲಿ ಇವೆರಡೂ ಅಷ್ಟು ಹತ್ತಿರ, ಎರಡಕ್ಕೂ ಸೈಕ್ಲಿನ್ ಕೆಯೇ ಜೊತೆ. ಸಿಡಿಕೆ9 ಮತ್ತು ಸಿಡಿಕೆ7 ಕೂಡ ಇದ್ದರೆ ಇನ್ನೂ ಒಳ್ಳೆಯದು.

ಸ್ಪ್ಲೈಸಿಂಗ್ ಕಡೆಗೆ

ಹೆಲಾ ಎಂಬ ಮಾನವ ಕೋಶಗಳ ಕೋಶಕೇಂದ್ರದ ಸಾರದಲ್ಲಿ ಸ್ಪ್ಲೈಸಿಂಗ್ ಪ್ರಯೋಗ ನಡೆಸಿ ಅದಕ್ಕೆ ಈ ಕಿಣ್ವ ಸೇರಿಸಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸಾರದಲ್ಲಿ ಎಸ್‌ಆರ್‌ಪಿಕೆ, ಸಿಎಲ್‌ಕೆ, ಸಿಡಿಕೆಗಳು ಆಗಲೇ ತುಂಬಿವೆ, ಫಾಸ್ಫಟೇಸ್‌ಗಳೂ ಇವೆ. ಅಲ್ಲಿ ಹೊರಗಿನಿಂದ ಸುರಿದ ತುಂಡು ತಂದ ಬದಲಾವಣೆಯನ್ನು ಅದರ ಲೆಕ್ಕಕ್ಕೇ ಬರೆಯುವುದು ಕಷ್ಟ. ಅರ್ಜಿನೀನ್-ಸೆರೀನ್ ಸಾಲಿಲ್ಲದ ತುಂಡಾದರೆ ಇನ್ನೂ ಕಷ್ಟ. ಮಾಡಲೇಬೇಕೆಂದರೆ ಕೈನೇಸ್ ಸತ್ತ ರೂಪಾಂತರವನ್ನು ಅದೇ ಪ್ರಮಾಣದಲ್ಲಿ ಪಕ್ಕದಲ್ಲಿಡಿ.

ಸಿಡಿಕೆ12 ಇಲ್ಲದಾಗ ಜೀವಕೋಶದಲ್ಲಿ ಸ್ಪಷ್ಟವಾಗಿ ಕಾಣುವುದು ಬೇರೆಯದೇ ಪರಿಣಾಮ: ಉದ್ದನೆಯ ಜೀನ್‌ಗಳಲ್ಲಿ ಪಾಲಿಮರೇಸ್ ಕೊನೆ ಮುಟ್ಟುವ ಮೊದಲೇ, ಇಂಟ್ರಾನ್ (ಸ್ಪ್ಲೈಸಿಂಗ್‌ನಲ್ಲಿ ತೆಗೆದುಹಾಕುವ ತುಂಡು) ಒಳಗಿನ ಪಾಲಿ-ಎ ಜಾಗದಲ್ಲಿ, ಅಂದರೆ ಆರ್‌ಎನ್‌ಎ ಕತ್ತರಿಸಿ ಮುಗಿಸುವ ಗುರುತಿನಲ್ಲಿ, ಆರ್‌ಎನ್‌ಎ ಮುಗಿದುಬಿಡುತ್ತದೆ. ಬಿಆರ್‌ಸಿಎ1, ಎಟಿಆರ್, ಎಫ್‌ಎಎನ್‌ಸಿಡಿ2 ಮುಂತಾದ ಡಿಎನ್‌ಎ ದುರಸ್ತಿಯ ಜೀನ್‌ಗಳು ಇದಕ್ಕೆ ಬಲಿಯಾಗುತ್ತವೆ. ಅಂಡಾಶಯ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳ ಒಂದು ಪಾಲಿನಲ್ಲಿ ಸಿಡಿಕೆ12 ಕೆಟ್ಟಿರುವುದು ಈ ವಿಷಯಕ್ಕೆ ಇಷ್ಟು ತೂಕ ಬರಲು ಕಾರಣ. ಹಾಗಾಗಿ ಟ್ಯೂಬಿನಲ್ಲಿ ಗೆದ್ದ ಸಂಯುಕ್ತವನ್ನು ಜೀವಕೋಶಕ್ಕೆ ಒಯ್ದಾಗ ಇಂಥ ಉದ್ದ ಜೀನಿನ ಆರಂಭದ ಎಕ್ಸಾನ್‌ಗೂ ಕೊನೆಯ ಎಕ್ಸಾನ್‌ಗೂ ಬೇರೆ ಬೇರೆ ಪ್ರೈಮರ್ ಇಟ್ಟು ಕ್ಯುಪಿಸಿಆರ್ ಮಾಡಿ. ಆರಂಭ ಉಳಿದು ಕೊನೆ ಕುಸಿದರೆ ಸಿಡಿಕೆ12ರ ಕೈವಾಡ ಎನ್ನಲು ಆಧಾರವಿದೆ. ಎರಡೂ ಒಟ್ಟಿಗೆ ಕುಸಿದರೆ ಸಿಡಿಕೆ9 ಅಥವಾ ಸಿಡಿಕೆ7ಕ್ಕೆ ಪೆಟ್ಟು ಬಿದ್ದಿರಬಹುದು ಎಂದು ಮೊದಲು ಅನುಮಾನಿಸಿ.

ಅದೇ ಕೋಶಗಳ ಪ್ರೋಟೀನನ್ನು ತೆಗೆದು ಸೈಕ್ಲಿನ್ ಕೆ ಮಟ್ಟವನ್ನೂ ನೋಡಿ. ಸಿಆರ್8 ಎಂಬ ಪ್ರತಿಬಂಧಕ ಸಿಡಿಕೆ12–ಸೈಕ್ಲಿನ್ ಕೆ ಜೋಡಿಯನ್ನು ಡಿಡಿಬಿ1ಕ್ಕೆ (ಪ್ರೋಟೀನುಗಳನ್ನು ನಾಶಕ್ಕೆ ಗುರುತುಮಾಡುವ ಯಂತ್ರದ ಒಂದು ಭಾಗ) ಅಂಟಿಸಿ ಸೈಕ್ಲಿನ್ ಕೆಯನ್ನೇ ನಾಶಮಾಡಿಸುತ್ತದೆ ಎಂದು 2020ರಲ್ಲಿ ತೋರಿಸಲಾಯಿತು. ಶುದ್ಧ ಕಿಣ್ವದ ಟ್ಯೂಬಿನಲ್ಲಿ ಡಿಡಿಬಿ1 ಇಲ್ಲ, ಅಲ್ಲಿ ಈ ಗುಣ ಎಂದಿಗೂ ಕಾಣದು. ಸಂಯುಕ್ತ ಹಾಕಿದ ಎರಡು ಗಂಟೆ, ನಾಲ್ಕು ಗಂಟೆಗೆ ಸೈಕ್ಲಿನ್ ಕೆ ಪಟ್ಟಿ ಮಾಯವಾಗುತ್ತಿದ್ದರೆ ನಿಮ್ಮ ಐಸಿ50 ಹೇಳುವ ಕಥೆಯೂ ಜೀವಕೋಶದ ಕಥೆಯೂ ಬೇರೆ. ಎರಡನ್ನೂ ಬೇರೆಯಾಗಿಯೇ ಬರೆಯಿರಿ. ಬರೆಯುವಾಗ ತುಂಡಿನ ಅಮೈನೊ ಆಮ್ಲ ಸಂಖ್ಯೆ, ಟ್ಯಾಗ್, ಲಾಟ್ ಸಂಖ್ಯೆ, ಕಿಣ್ವ ಮತ್ತು ಎಟಿಪಿ ಪ್ರಮಾಣ, ಪ್ರತಿಬಂಧಕದ ಜೊತೆ ಇಟ್ಟ ನಿಮಿಷಗಳು, ತಾಪಮಾನ ಎಲ್ಲವೂ ಅಂಕಿಯ ಪಕ್ಕದಲ್ಲೇ ಇರಲಿ.